ತೊಣ್ಣೂರು ಕೆರೆ: ನಡೆಯಲು, ಈಜಲು, ಒಂದು ರಾತ್ರಿ ಉಳಿಯಲು ಸಮಗ್ರ ಮಾರ್ಗದರ್ಶಿ

ಬೆಂಗಳೂರಿನಿಂದ ಸುಮಾರು 130 ಕಿಲೋಮೀಟರ್, ಮೈಸೂರಿನಿಂದ 40ರ ಆಸುಪಾಸು. ಮಂಡ್ಯ ಜಿಲ್ಲೆಯ ಪಾಂಡವಪುರ ತಾಲ್ಲೂಕಿನ ಕೆರೆತೊಣ್ಣೂರು ಊರಿನ ಪಕ್ಕ, ಕಲ್ಲುಬೆಟ್ಟಗಳ ನಡುವೆ ಈ ಕೆರೆ ಇದೆ. ನೀರು ತಿಳಿ. ಈಜು, ಸೈಕಲ್, ಓಟ ಮೂರೂ ಇರುವ ಟ್ರಯಥ್ಲಾನ್ ಸ್ಪರ್ಧೆಗೆ ತಯಾರಾಗುವವರು ಬೆಂಗಳೂರಿನಿಂದ ಇಲ್ಲಿಗೆ ಬಂದು ಈಜುವುದು ಎಷ್ಟೋ ವರ್ಷಗಳಿಂದ ನಡೆದುಬಂದಿದೆ. ಇದೇ ನೀರಲ್ಲಿ ಮುಳುಗಿ ಸತ್ತವರ ಸುದ್ದಿಯೂ ಪೇಪರಿನಲ್ಲಿ ಆಗಾಗ ಬರುತ್ತದೆ.

ಈ ಎರಡಕ್ಕೂ ಕಾರಣ ಒಂದೇ. ಇದು ತಾನಾಗಿ ಆದ ಸರೋವರ ಅಲ್ಲ, ಬೇಸಾಯಕ್ಕೆಂದು ಕಟ್ಟಿದ ಕೆರೆ. ಇದಕ್ಕೆ ನೀರು ತಡೆಯುವ ಏರಿ ಇದೆ, ಗದ್ದೆಗೆ ನೀರು ಬಿಡುವ ತೂಬು ಇದೆ, ಹೆಚ್ಚಾದ ನೀರು ಹೋಗಲು ಕಾಲುವೆ ಇದೆ. ಇವು ಎಲ್ಲೆಲ್ಲಿವೆ ಎಂದು ಗೊತ್ತಾದರೆ ಎಲ್ಲಿ ನಡೆಯಬೇಕು, ಎಲ್ಲಿ ನೀರಿಗೆ ಇಳಿಯಬಹುದು, ಎಲ್ಲಿ ಟೆಂಟ್ ಹಾಕಬಾರದು ಎಲ್ಲವೂ ತಾನಾಗಿ ತಿಳಿಯುತ್ತದೆ. ಹಾಗಾಗಿ ಬ್ಯಾಗ್ ತುಂಬುವ ಮೊದಲು ಕೆರೆಯ ವಿಷಯ.

1. ಮೊದಲು ಕೆರೆ ಹೇಗೆ ಕಟ್ಟಿದ್ದಾರೆ ಎಂದು ತಿಳಿಯಿರಿ

ಹನ್ನೆರಡನೇ ಶತಮಾನದಲ್ಲಿ ಹೊಯ್ಸಳ ದೊರೆ ವಿಷ್ಣುವರ್ಧನನ ಕಾಲಕ್ಕೆ ತೊಂಡನೂರು, ಅಂದರೆ ಇವತ್ತಿನ ತೊಣ್ಣೂರು, ದೊಡ್ಡ ಊರು. ಯಾದವಪುರಿ ಎಂದೂ ಕರೆಯುತ್ತಿದ್ದರು. ಚೋಳರ ನಾಡಿನಿಂದ ಬಂದ ರಾಮಾನುಜಾಚಾರ್ಯರು ಇಲ್ಲಿ ತಂಗಿದ್ದರು. ಕೆರೆ ಕಟ್ಟಿಸಿದವರು ಅವರೇ ಎಂದು ಊರವರು ನಂಬುತ್ತಾರೆ. ತಿರುಮಲಸಾಗರ ಎಂಬುದು ಅವರಿಟ್ಟ ಹೆಸರಂತೆ. 1746ರಲ್ಲಿ ಇಲ್ಲಿಗೆ ಬಂದ, ಹೈದರಾಬಾದ್ ನಿಜಾಮನ ಮಗ ನಾಸಿರ್ ಜಂಗ್ ಇದರ ತಿಳಿನೀರು ನೋಡಿ ಮೋತಿ ತಲಾಬ್, ಅಂದರೆ ಮುತ್ತಿನ ಕೆರೆ ಎಂದು ಕರೆದ. ಟಿಪ್ಪು ಕಾಲದಲ್ಲಿ ಶತ್ರುಗಳಿಗೆ ನೀರು ಸಿಗಬಾರದೆಂದು ಏರಿಯನ್ನೇ ಒಡೆಸಿದರು. ಆಮೇಲೆ ಮತ್ತೆ ಕಟ್ಟಿದ್ದು.

ನಿಮಗೆ ಬೇಕಾದ ಅಸಲಿ ಮಾಹಿತಿ ಹಳೆಯ ಮೈಸೂರು ಗೆಜೆಟಿಯರ್‌ನಲ್ಲಿದೆ. ಎರಡು ಹಳ್ಳಗಳು ಸೇರಿ ಎರಡು ಕಲ್ಲುಬೆಟ್ಟಗಳ ನಡುವಿನ ಕಿಂಡಿಯಲ್ಲಿ ನುಗ್ಗಿ ಹೋಗುತ್ತಿದ್ದವು. ಆ ಕಿಂಡಿಗೆ ಅಡ್ಡ ಏರಿ ಹಾಕಿದರು. ಎತ್ತರ 78 ಮೊಳ, ಉದ್ದ 150 ಮೊಳ, ಬುಡದಲ್ಲಿ ದಪ್ಪ 250 ಮೊಳ ಎಂದು ಆಗ ಹೇಳುತ್ತಿದ್ದರಂತೆ. ಹೆಚ್ಚಾದ ನೀರು ಹೋಗಲು ಒಂದು ಬೆಟ್ಟವನ್ನೇ ಕಡಿದು ಕಾಲುವೆ ತೆಗೆದರು. ಕೆರೆ ಪೂರ್ತಿ ತುಂಬಿದರೆ ಎರಡು ವರ್ಷದ ಬೇಸಾಯಕ್ಕೆ ಸಾಕಾಗುವಷ್ಟು ನೀರು.

ಈ ಅಳತೆಗಳನ್ನು ಸ್ವಲ್ಪ ನಿಧಾನವಾಗಿ ನೋಡಿ. ಉದ್ದಕ್ಕಿಂತ ದಪ್ಪವೇ ಜಾಸ್ತಿ, ಅಲ್ವಾ? ಬಯಲುಸೀಮೆಯ ಬಹಳಷ್ಟು ಕೆರೆಗಳಿಗೆ ಕಿಲೋಮೀಟರ್‌ಗಟ್ಟಲೆ ಏರಿ ಇರುತ್ತದೆ, ನೀರು ತೆಳ್ಳಗೆ ಹರಡಿಕೊಂಡಿರುತ್ತದೆ. ಇಲ್ಲಿ ಹಾಗಲ್ಲ. ಇದು ಕಣಿವೆಯ ಬಾಯಿಗೆ ಬಿರಡೆ ಹಾಕಿದ ಹಾಗೆ ಕಟ್ಟಿದ ಕೆರೆ. ಏರಿ ಮುಂದೆ ನೀರು ತಕ್ಷಣ ಆಳವಾಗುತ್ತದೆ. ಬೆಟ್ಟದ ಬುಡದಲ್ಲೂ ಅಷ್ಟೇ, ಬಂಡೆ ನೀರೊಳಗೆ ಹಾಗೇ ಇಳಿಜಾರಾಗಿ ಇಳಿದು ಹೋಗಿರುತ್ತದೆ. ನೀರು ಒಳಗೆ ಬರುವ ಹಿಂಭಾಗದ ಅಂಗಳದಲ್ಲಿ ಆಳ ಕಡಿಮೆ, ಆದರೆ ಅಲ್ಲಿ ಹೂಳು ಮತ್ತು ಜೊಂಡು.

2. ಯಾವಾಗ ಹೋಗಬೇಕು

ನವೆಂಬರ್‌ನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಈ ಕಡೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ಮಳೆ ಜಾಸ್ತಿ. ಅದು ನಿಂತು ಕೆಲವು ವಾರಗಳಾದ ಮೇಲೆ ಕೆಂಪು ನೀರು ತಿಳಿಯಾಗುತ್ತದೆ. ಕೆರೆ ತುಂಬಿರುತ್ತದೆ, ಬೆಟ್ಟದಲ್ಲಿ ಹಸಿರು ಇರುತ್ತದೆ, ರಾತ್ರಿ ಒಂದು ಸ್ವೆಟರ್ ಹಾಕುವಷ್ಟು ಚಳಿ.

ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ ಮೂರರ ಮೇಲೆ ಗುಡುಗು ಮಳೆ ದಿಢೀರ್ ಬರುತ್ತದೆ. ನೀರಲ್ಲಿ ಅಥವಾ ಬೋಳು ಬಂಡೆ ಮೇಲೆ ಇದ್ದಾಗ ಸಿಡಿಲು ಬಹಳ ಅಪಾಯ. ಹೋಗಲೇಬೇಕಾದರೆ ಬೆಳಗ್ಗೆಯೇ ಮುಗಿಸಿ. ಭಾನುವಾರ ಮತ್ತು ಹಬ್ಬದ ರಜೆಗಳಲ್ಲಿ ಜನ ಕಿಕ್ಕಿರಿದಿರುತ್ತಾರೆ. ಸಾಧ್ಯವಾದರೆ ವಾರದ ದಿನ ಹೋಗಿ. ಆಗದಿದ್ದರೆ ಶನಿವಾರ ಮಧ್ಯಾಹ್ನ ತಲುಪಿ, ಭಾನುವಾರ ಗುಂಪು ಬರುವ ಹೊತ್ತಿಗೆ ಹೊರಡಿ.

3. ದಾರಿ

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಶ್ರೀರಂಗಪಟ್ಟಣದವರೆಗೆ ಬಂದು, ನಾಗಮಂಗಲದ ಕಡೆಯ ರಸ್ತೆ ಹಿಡಿದರೆ ಪಾಂಡವಪುರ. ಅಲ್ಲಿಂದ ಕೆರೆತೊಣ್ಣೂರು ಹತ್ತಿರ. ಬೈಕಿನವರು ಗಮನಿಸಿ: 2023ರ ಆಗಸ್ಟ್‌ನಿಂದ ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ ದ್ವಿಚಕ್ರ ವಾಹನಕ್ಕೆ ಅವಕಾಶವಿಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಅದಕ್ಕೆ ತಕ್ಕಂತೆ ಹೊತ್ತು ಜಾಸ್ತಿ ಇಟ್ಟುಕೊಳ್ಳಿ. ಮದ್ದೂರಿನಲ್ಲಿ ವಡೆ ತಿನ್ನಲು ಆ ರಸ್ತೆಯೇ ಅನುಕೂಲ.

ಬಸ್ಸಿನಲ್ಲಿ ಬರುವವರು ಪಾಂಡವಪುರ ಬಸ್ ಸ್ಟ್ಯಾಂಡ್‌ನಲ್ಲಿ ಇಳಿದು ಊರಿನ ಬಸ್ಸು ಅಥವಾ ಆಟೊ ಹಿಡಿಯಬೇಕು. ಪಾಂಡವಪುರಕ್ಕೆ ರೈಲ್ವೆ ಸ್ಟೇಷನ್ ಇದೆ, ಆದರೆ ಅದು ಪಟ್ಟಣದೊಳಗಿಲ್ಲ. ವಾಪಸ್ ಬರುವ ಆಟೊ ಮೊದಲೇ ಮಾತಾಡಿಕೊಳ್ಳಿ, ಡ್ರೈವರ್ ನಂಬರ್ ತಗೊಳ್ಳಿ. ಸಂಜೆ ಮೇಲೆ ಕೆರೆ ಹತ್ತಿರ ಗಾಡಿ ಸಿಗುವುದು ಕಷ್ಟ. ದುಡ್ಡು ತೆಗೆಯುವುದು, ಪೆಟ್ರೋಲ್, ಔಷಧಿ ಎಲ್ಲ ಪಾಂಡವಪುರದಲ್ಲೇ ಮುಗಿಸಿ.

4. ನಡಿಗೆ: ಊರಿಂದ ಶುರು ಮಾಡಿ, ನೀರಿಂದಲ್ಲ

ಎಲ್ಲರೂ ಗಾಡಿ ಇಳಿದವರೇ ಸೀದಾ ಏರಿಗೆ ಹೋಗುತ್ತಾರೆ. ನನ್ನ ಸಲಹೆ ಬೇರೆ. ಮೊದಲು ಊರೊಳಗಿನ ದೇವಸ್ಥಾನಗಳನ್ನು ನೋಡಿ. ಒದ್ದೆ ಬಟ್ಟೆಯಲ್ಲಿ ಆಮೇಲೆ ಅಲ್ಲಿಗೆ ಹೋಗುವುದು ಸರಿಯಲ್ಲ. ಹಳ್ಳಿ ದೇವಸ್ಥಾನಗಳು ಮಧ್ಯಾಹ್ನ ಮುಚ್ಚಿರುವುದೂ ಉಂಟು.

ನಂಬಿನಾರಾಯಣ ದೇವಸ್ಥಾನ ಹೊಯ್ಸಳರ ಕಾಲದ್ದು. ಹೊಯ್ಸಳರದ್ದು ಅಂದ ತಕ್ಷಣ ಬೇಲೂರಿನ ಕುಸುರಿ ಕೆಲಸ ನಿರೀಕ್ಷಿಸಬೇಡಿ. ಇದು ಸರಳ, ಗಟ್ಟಿ ಕಲ್ಲಿನ ಕಟ್ಟಡ. ಮುಂದಿನ ಗರುಡಗಂಬದ ಬುಡದಲ್ಲಿ ನಿಂತು ಮೇಲೆ ನೋಡಿ. ಎದುರಿಗೇ ಕೃಷ್ಣನ ಗುಡಿ ಇದೆ. ಹತ್ತಿರದಲ್ಲೇ ಸಾಲಾರ್ ಮಸೂದ್ ಅವರ ದರ್ಗಾ ಇದೆ, 1358ರದ್ದು. ಹೊಯ್ಸಳರ ರಾಜಧಾನಿ ದೋರಸಮುದ್ರ ಹಾಳಾದ ಮೇಲೆ ಅರಸರು ಕೆಲಕಾಲ ಇದೇ ತೊಂಡನೂರಿಗೆ ಬಂದು ನೆಲೆಸಿದ್ದರು. ಇವತ್ತಿನ ಈ ಪುಟ್ಟ ಊರಲ್ಲಿ ಇಷ್ಟು ಚರಿತ್ರೆ ಒತ್ತೊತ್ತಾಗಿ ಕೂತಿದೆ ಎಂಬುದು ನಡೆದು ನೋಡಿದರೇ ಗೊತ್ತಾಗುವುದು.

ಆಮೇಲೆ ಯೋಗನರಸಿಂಹ ಸ್ವಾಮಿ ಗುಡಿಗೆ ಹತ್ತಿ. ಸಾವಿರ ಜೈನ ವಿದ್ವಾಂಸರ ಪ್ರಶ್ನೆಗೆ ರಾಮಾನುಜರು ಪರದೆಯ ಹಿಂದೆ ಕೂತು, ಆದಿಶೇಷನ ಸಾವಿರ ಬಾಯಿಂದ ಏಕಕಾಲಕ್ಕೆ ಉತ್ತರ ಕೊಟ್ಟರು ಎಂಬ ಕಥೆ ಇಲ್ಲಿಯದು. ಇದು ಭಕ್ತರ ಕಥೆ, ಹಾಗೆಂದೇ ಕೇಳಬೇಕು.

ಈಗ ಏರಿಗೆ ಬನ್ನಿ. ಏರಿ ಮೇಲೆ ನಿಂತು ಎರಡೂ ಕಡೆ ನೋಡಿ. ಒಂದು ಕಡೆ ನೀರು, ಇನ್ನೊಂದು ಕಡೆ ಕೆಳಗೆ ಅಚ್ಚುಕಟ್ಟು: ಗದ್ದೆ, ಕಬ್ಬು, ತೆಂಗು. ತೂಬಿನ ಜಾಗ ಎಲ್ಲಿ ಎಂದು ಊರವರನ್ನು ಕೇಳಿ ಗುರುತು ಮಾಡಿಕೊಳ್ಳಿ. ಇದು ಈಜುವಾಗ ಬೇಕು. ಬೆಟ್ಟ ಕಡಿದು ತೆಗೆದ ಕಾಲುವೆಯಲ್ಲಿ ನೀರು ಹರಿಯುವ ಕಾಲವಾದರೆ ಬಂಡೆ ಮೇಲಿಂದ ಬೀಳುವ ಪುಟ್ಟ ಜಲಪಾತವೂ ಸಿಗುತ್ತದೆ. ಮಕ್ಕಳು, ಈಜು ಬಾರದವರು ನೀರಾಟ ಆಡಬೇಕೆಂದರೆ ಕೆರೆಗಿಂತ ಅದು ವಾಸಿ. ಅಲ್ಲಿಯೂ ಬಂಡೆ ಜಾರುತ್ತದೆ, ಕೈ ಬಿಡಬೇಡಿ.

ಕೆರೆ ಸುತ್ತ ಒಂದೇ ಸಮ ಕಾಲುದಾರಿ ಇಲ್ಲ. ಬೆಟ್ಟದ ಅಂಚಿನಲ್ಲಿ ದನಕಾಯುವವರ ದಾರಿ ಇದೆ, ಕೆಲವು ಕಡೆ ಮುಳ್ಳು ಪೊದೆ, ಕೆಲವು ಕಡೆ ಬರೀ ಬಂಡೆ. ಹಿಡಿತ ಇರುವ ಶೂ ಹಾಕಿ. ಹೊಲದ ಬದುವಿನ ಮೇಲೆ ಹೋಗುವಾಗ ಹೊಲದವರನ್ನು ಒಂದು ಮಾತು ಕೇಳಿ. ಬೆಳೆ ತುಳಿಯಬೇಡಿ. ಎಷ್ಟು ದೂರ ಹೋದಿರೋ ಅಷ್ಟೇ ದೂರ ವಾಪಸ್ ಬರಬೇಕು ಎಂಬುದನ್ನು ನೆನಪಿಟ್ಟುಕೊಂಡು, ಸಂಜೆ ಐದರೊಳಗೆ ತಿರುಗಿ.

5. ಈಜು

ಮೊದಲ ಹೆಜ್ಜೆ ನೀರಿಗಲ್ಲ, ಬೋರ್ಡಿಗೆ. ಈಜುವುದನ್ನು ನಿಷೇಧಿಸಿದೆ ಎಂಬ ಫಲಕ ಇದ್ದರೆ, ಪೊಲೀಸರೋ ಪಂಚಾಯಿತಿಯವರೋ ಬೇಡ ಅಂದರೆ, ಅವತ್ತು ಇಳಿಯಬೇಡಿ. ವಾದ ಬೇಡ. ಅವರು ಹೆಣ ಎತ್ತಿದವರು. ಅನುಮತಿಯ ವಿಷಯ ಹೊರಡುವ ಮೊದಲೇ ಪಾಂಡವಪುರ ಪೊಲೀಸ್ ಠಾಣೆಗೆ ಅಥವಾ ಊರಿನ ಪಂಚಾಯಿತಿಗೆ ವಿಚಾರಿಸಿದರೆ ಒಳ್ಳೆಯದು. ಈಜಲೆಂದೇ ಬರುವುದಾದರೆ ರಕ್ಷಣಾ ದೋಣಿ ಇಟ್ಟುಕೊಂಡು, ಒಪ್ಪಿಗೆ ಪಡೆದು ನಡೆಸುವ ಈಜು ತಂಡದ ಜೊತೆ ಬನ್ನಿ. ಅದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಯಾರು ಇಳಿಯಬಹುದು? ಈಜುಕೊಳದಲ್ಲಿ ಗೋಡೆ ಹಿಡಿಯದೆ, ನಿಲ್ಲದೆ 500 ಮೀಟರ್ ಈಜಬಲ್ಲವರು. ಕಾಲು ನೆಲಕ್ಕೆ ತಾಗದೆ ಹತ್ತು ನಿಮಿಷ ಒಂದೇ ಕಡೆ ತೇಲಬಲ್ಲವರು. ಇದು ನನ್ನ ಲೆಕ್ಕ, ಯಾವ ನಿಯಮವೂ ಅಲ್ಲ. ಆದರೆ ಇದಕ್ಕಿಂತ ಕಡಿಮೆ ಆದವರಿಗೆ ನಾನು ಹೂಂ ಅನ್ನುವುದಿಲ್ಲ. ಕೊಳದಲ್ಲಿ ದಣಿದರೆ ಗೋಡೆ ಇದೆ. ಇಲ್ಲಿ ಏನೂ ಇಲ್ಲ.

ದಡದಲ್ಲಿ ಸುಮ್ನೆ ಕಾಲು ನೆನೆಸುತ್ತೇವೆ ಅನ್ನುವವರೇ ಹೆಚ್ಚಾಗಿ ಸಾಯುವುದು. ಅದು ಹೇಗೆ ಆಗುತ್ತದೆ ಎಂದು ಹತ್ತಿರದಿಂದ ನೋಡಿ. ಏರಿಯ ಕಲ್ಲುಗಳ ಮೇಲೆ ನೀರು ಇಳಿದಂತೆಲ್ಲ ಎರಡು ಪಟ್ಟಿ ಉಳಿಯುತ್ತವೆ. ಮೇಲಿನದು ಬೆಳ್ಳಗೆ ಒಣಗಿರುತ್ತದೆ, ಅದರ ಮೇಲೆ ಕಾಲು ನಿಲ್ಲುತ್ತದೆ. ಅದರ ಕೆಳಗೆ, ನೀರಿನ ಅಂಚಿನಲ್ಲಿ, ಒಂದು ಗೇಣಿನಷ್ಟು ಹಸಿರು ಪಟ್ಟಿ. ಅದು ಪಾಚಿ. ಅದರ ಮೇಲೆ ಕಾಲಿಟ್ಟರೆ ಜಾರಿ ಒಂದು ಕಲ್ಲು ಕೆಳಗೆ, ಅಲ್ಲಿಂದ ಇನ್ನೊಂದು ಕಲ್ಲು ಕೆಳಗೆ. ಮೂರನೆಯದಕ್ಕೆ ಕಾಲು ಸಿಗುವುದಿಲ್ಲ. ಒಬ್ಬ ಜಾರಿದಾಗ ಪಕ್ಕದವನು ಕೈ ಹಿಡಿಯುತ್ತಾನೆ, ಅವನನ್ನು ಹಿಡಿಯಲು ಇನ್ನೊಬ್ಬ. ಹೀಗೆ ಗೆಳೆಯರು ಒಟ್ಟಿಗೆ ಹೋಗುತ್ತಾರೆ. ಈಜು ಬಾರದವರು ಹಸಿರು ಪಟ್ಟಿಯಿಂದ ಎರಡು ಮಾರು ದೂರ ಇರಲಿ. ಸೆಲ್ಫಿಗೂ ಅದೇ ನಿಯಮ.

ಈಜು ಬಲ್ಲವರಿಗೆ ಕ್ರಮ ಹೀಗೆ:

ಬೆಳಗ್ಗೆ ಇಳಿಯಿರಿ. ಗಾಳಿ ಇರುವುದಿಲ್ಲ. ಮಧ್ಯಾಹ್ನದ ಗಾಳಿಗೆ ಎದ್ದ ಸಣ್ಣ ಅಲೆಯೂ ಉಸಿರು ತೆಗೆದುಕೊಳ್ಳುವಾಗ ಬಾಯಿಗೆ ಹೊಡೆಯುತ್ತದೆ. ಹೊಟ್ಟೆ ತುಂಬ ತಿಂದು, ಕುಡಿದು ಇಳಿಯಬೇಡಿ. ಕುಡಿದವರನ್ನು ನೀರಿನ ಹತ್ತಿರವೂ ಬಿಡಬೇಡಿ.

ಒಳಹೋಗುವ, ಹೊರಬರುವ ಜಾಗ ಒಂದೇ ಇರಲಿ. ಅದನ್ನು ಒಣಗಿದ ಕಾಲಲ್ಲಿ ಮೊದಲು ನೋಡಿಕೊಳ್ಳಿ. ದಡದಲ್ಲಿ ದೊಡ್ಡ ಬಣ್ಣದ ಬಟ್ಟೆ ಕಟ್ಟಿ. ನೀರಲ್ಲಿ ತಲೆ ಎತ್ತಿದಾಗ ಎಲ್ಲಾ ಬಂಡೆಯೂ ಒಂದೇ ಥರ ಕಾಣುತ್ತದೆ.

ಕಿತ್ತಳೆ ಅಥವಾ ಹಳದಿ ಟೋಪಿ ಹಾಕಿ, ಸೊಂಟಕ್ಕೆ ಗಾಳಿ ತುಂಬಿದ ತೇಲುಬುರುಡೆ ಕಟ್ಟಿ. ದಣಿದರೆ ಅದನ್ನು ಅಪ್ಪಿಕೊಂಡು ಉಸಿರು ತಗೊಳ್ಳಬಹುದು, ದಡದವರಿಗೂ ನೀವು ಕಾಣುತ್ತೀರಿ.

ನಿಧಾನಕ್ಕೆ ಇಳಿಯಿರಿ. ಮುಖಕ್ಕೆ, ಎದೆಗೆ ನೀರು ಎರಚಿಕೊಂಡು, ಉಸಿರು ಹದಕ್ಕೆ ಬಂದ ಮೇಲೆ ಮುಂದೆ. ಡಿಸೆಂಬರ್ ಬೆಳಗ್ಗೆ ನೀರು ತಣ್ಣಗಿರುತ್ತದೆ, ಆಳದ ನೀರು ಇನ್ನೂ ತಣ್ಣಗೆ. ಬಂಡೆಯಿಂದ ಹಾರುವುದು ಬೇಡವೇ ಬೇಡ. ಹೋದ ತಿಂಗಳು ಎರಡಾಳು ನೀರಿದ್ದ ಕಡೆ ಈ ತಿಂಗಳು ಸೊಂಟದಷ್ಟು ಇರಬಹುದು. ಗದ್ದೆಗೆ ನೀರು ಬಿಟ್ಟಂತೆ ಮಟ್ಟ ಇಳಿಯುತ್ತಲೇ ಇರುತ್ತದೆ.

ದಡಕ್ಕೆ ಸಮಾನಾಂತರವಾಗಿ ಈಜಿ. ಎದುರು ದಡ ಮುಟ್ಟುವ ಆಸೆ ಬೇಡ. ನೀರಿನ ಮೇಲೆ ದೂರ ಯಾವಾಗಲೂ ಕಡಿಮೆ ಕಾಣುತ್ತದೆ.

ತೂಬಿನ ಹತ್ತಿರ ಹೋಗಲೇಬೇಡಿ. ತೂಬು ತೆರೆದಿದ್ದರೆ ನೀರು ಒಳಕ್ಕೆ ಎಳೆಯುತ್ತದೆ, ಮೇಲೆ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಗದ್ದೆಗೆ ನೀರು ಬಿಡುವ ನೀರುಗಂಟಿಯನ್ನು ಅಥವಾ ಊರಿನ ಯಾರಾದರೂ ರೈತರನ್ನು ಕೇಳಿದರೆ ಇವತ್ತು ನೀರು ಬಿಟ್ಟಿದ್ದಾರಾ ಎಂದು ಹೇಳುತ್ತಾರೆ. ಮೀನಿನ ಬಲೆಯೂ ಅಷ್ಟೇ ಮುಖ್ಯ. ನೀರಿನ ಮೇಲೆ ಸಾಲಾಗಿ ಖಾಲಿ ಬಾಟಲಿ, ಥರ್ಮಾಕೋಲ್ ತುಂಡು ತೇಲುತ್ತಿದ್ದರೆ ಕೆಳಗೆ ಬಲೆ ಇದೆ ಎಂದರ್ಥ. ಕಾಲು ಸಿಕ್ಕರೆ ಒದೆಯಬೇಡಿ, ಒದ್ದಷ್ಟೂ ಸುತ್ತಿಕೊಳ್ಳುತ್ತದೆ. ತೇಲುಬುರುಡೆ ಹಿಡಿದು, ನಿಂತು, ಕೈಯಿಂದ ಬಿಡಿಸಿ. ಆ ಬಲೆ ಒಬ್ಬರ ಹೊಟ್ಟೆಪಾಡು, ಹರಿಯಬೇಡಿ.

ದಡದಲ್ಲಿ ಒಬ್ಬರು ಸದಾ ಇರಬೇಕು. ಫೋನ್ ನೋಡುತ್ತಾ ಅಲ್ಲ, ನೀರು ನೋಡುತ್ತಾ. ಅವರ ಕೈಯಲ್ಲಿ ಒಂದು ಸಾಮಾನು ಇರಲಿ, ಖರ್ಚಿಲ್ಲದ್ದು: ಐದು ಲೀಟರಿನ ಖಾಲಿ ಕ್ಯಾನ್. ಒಳಗೆ ಒಂದು ಲೋಟ ನೀರು ಬಿಡಿ, ಆಗ ಎಸೆದರೆ ದೂರ ಹೋಗುತ್ತದೆ. ಮುಚ್ಚಳ ಬಿಗಿ ಮಾಡಿ, ಹಿಡಿಗೆ 20 ಮೀಟರ್ ನೈಲಾನ್ ಹಗ್ಗ ಕಟ್ಟಿ. ಯಾರಾದರೂ ಮುಳುಗುತ್ತಿದ್ದರೆ ಅವರ ತಲೆಯಾಚೆ ಬೀಳುವಂತೆ ಎಸೆದು, ಹಗ್ಗ ಕೈಗೆ ಸಿಕ್ಕ ಮೇಲೆ ಎಳೆಯಿರಿ. ಹಗ್ಗ ಇಲ್ಲದಿದ್ದರೆ ಪಂಚೆ, ಸೀರೆ, ಉದ್ದದ ಕೋಲು. ಮಲಗಿಕೊಂಡು ಚಾಚಿ, ನಿಂತುಕೊಂಡಲ್ಲ. ರಕ್ಷಣೆಯ ತರಬೇತಿ ಇಲ್ಲದವರು ನೀರಿಗೆ ಹಾರಬೇಡಿ. ಮುಳುಗುವವರು ಸಿಕ್ಕವರನ್ನು ಹತ್ತಿ ಕೂರುತ್ತಾರೆ.

ಮೇಲೆ ತಂದ ಮೇಲೆ ಹೊಟ್ಟೆ ಒತ್ತಿ ನೀರು ತೆಗೆಯುವುದು, ಹೆಗಲ ಮೇಲೆ ಹಾಕಿ ತಿರುಗಿಸುವುದು ನಮ್ಮಲ್ಲಿ ರೂಢಿ. ದಯವಿಟ್ಟು ಬೇಡ. ಅದರಲ್ಲಿ ಹೊತ್ತು ಹೋಗುತ್ತದೆ, ತಿಂದದ್ದು ಶ್ವಾಸಕೋಶಕ್ಕೆ ನುಗ್ಗುತ್ತದೆ. ಉಸಿರಾಟ ಇಲ್ಲದಿದ್ದರೆ ಬೆನ್ನ ಮೇಲೆ ಮಲಗಿಸಿ, ತಲೆ ಹಿಂದಕ್ಕೆ ಬಾಗಿಸಿ, ಮೂಗು ಮುಚ್ಚಿ, ಬಾಯಿಗೆ ಬಾಯಿಟ್ಟು ಎರಡು ಸಲ ಉಸಿರು ಊದಿ. ಆಮೇಲೆ ಎದೆಯ ನಡುವೆ 30 ಸಲ ಗಟ್ಟಿಯಾಗಿ, ವೇಗವಾಗಿ ಒತ್ತಿ. ಮತ್ತೆ ಎರಡು ಉಸಿರು. ಇದನ್ನೇ ನಿಲ್ಲಿಸದೆ ಮಾಡುತ್ತಿರಿ. ಇನ್ನೊಬ್ಬರು 108ಕ್ಕೆ ಅಥವಾ 112ಕ್ಕೆ ಫೋನ್ ಮಾಡಲಿ. ಎದ್ದು ಕೂತು ಚೆನ್ನಾಗಿದ್ದೇನೆ ಅಂದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಲೇಬೇಕು, ಉಸಿರಾಟದ ತೊಂದರೆ ಕೆಲವು ಗಂಟೆ ಬಿಟ್ಟು ಬರಬಹುದು.

ಸೋಪು, ಶಾಂಪೂ ಕೆರೆಗೆ ಬೇಡ. ಮೈಗೆ ಹಚ್ಚಿದ ಎಣ್ಣೆ ಒರೆಸಿಕೊಂಡು ಇಳಿಯಿರಿ.

6. ರಾತ್ರಿ ಉಳಿಯುವುದು

ಏರಿ ಮೇಲೆ, ಕೆರೆ ಅಂಗಳದಲ್ಲಿ ಟೆಂಟ್ ಹಾಕುವಂತಿಲ್ಲ. ಅದು ಸರ್ಕಾರಿ ಜಾಗ. ಮೇಲೆಲ್ಲೋ ಮಳೆ ಬಿದ್ದರೆ ಅಂಗಳಕ್ಕೆ ರಾತ್ರೋರಾತ್ರಿ ನೀರು ಏರುತ್ತದೆ. ಏರಿಗೆ ಗೂಟ ಹೊಡೆಯುವುದು, ಗುಂಡಿ ತೋಡುವುದು ಕೆರೆಗೇ ಕೆಡುಕು. ಮೇಲುಕೋಟೆ ಕಡೆಯ ಕಾಡಿಗೂ ನುಗ್ಗಬೇಡಿ. ಅಲ್ಲಿರುವುದು ತೋಳಗಳಿಗಾಗಿ ಘೋಷಿಸಿದ ವನ್ಯಧಾಮ, ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ತಂಗುವುದು ಅಪರಾಧ.

ಸರಿಯಾದ ದಾರಿ ಎಂದರೆ ಊರಿನ ರೈತರ ಜಮೀನು. ಹಗಲಲ್ಲೇ ಹೋಗಿ ಕೇಳಿ. "ಅಣ್ಣಾ, ಒಂದು ರಾತ್ರಿ ಟೆಂಟ್ ಹಾಕ್ಕೋಬಹುದಾ? ಗಲಾಟೆ ಮಾಡಲ್ಲ, ಬೆಂಕಿ ಹಾಕಲ್ಲ" ಅಂದರೆ ಬಹಳಷ್ಟು ಜನ ಇಲ್ಲ ಅನ್ನುವುದಿಲ್ಲ. ಬಾಡಿಗೆ ಎಷ್ಟು ಎಂದು ಮೊದಲೇ ಮಾತಾಡಿ. ಅವರ ಮನೆಯಲ್ಲೇ ಊಟ ಹೇಳಿದರೆ ಮುದ್ದೆ, ಉಪ್ಪುಸಾರು ಬಿಸಿಬಿಸಿ ಸಿಗಬಹುದು, ನಿಮಗೆ ಸ್ಟವ್ ಹೊರುವ ಕೆಲಸ ತಪ್ಪುತ್ತದೆ. ಅದಕ್ಕೂ ದುಡ್ಡು ಕೊಡಿ. ಹೆಣ್ಣುಮಕ್ಕಳು ಜೊತೆಗಿದ್ದರೆ ಮನೆಗೆ ಹತ್ತಿರದ ಜಾಗವೇ ಒಳ್ಳೆಯದು, ಶೌಚಾಲಯದ ಚಿಂತೆಯೂ ಇರುವುದಿಲ್ಲ.

ಜಾಗ ಆರಿಸುವಾಗ ಮೇಲೆ ನೋಡಿ. ತೆಂಗಿನ ಮರದ ಕೆಳಗೆ ಟೆಂಟ್ ಬೇಡ. ಕಾಯಿ ಬಿದ್ದರೂ ಕಷ್ಟ, ಒಣಗರಿ ಬಿದ್ದರೂ ಕಷ್ಟ. ಕಬ್ಬಿನ ಗದ್ದೆಯ ಅಂಚೂ ಬೇಡ. ಪಾಂಡವಪುರ, ಶ್ರೀರಂಗಪಟ್ಟಣ ಕಡೆ ಚಿರತೆ ಕಬ್ಬಿನ ಗದ್ದೆಯಲ್ಲಿ ಮರಿ ಹಾಕುವುದು ಹೊಸತಲ್ಲ. ಸಂಜೆ ಮೇಲೆ ಒಬ್ಬೊಬ್ಬರೇ ಓಡಾಡಬೇಡಿ, ಮಕ್ಕಳನ್ನು ಮುಂದೆ ಬಿಡಬೇಡಿ. ನಾಯಿ ತಂದಿದ್ದರೆ ಹೊರಗೆ ಕಟ್ಟಬೇಡಿ, ಚಿರತೆಗೆ ನಾಯಿ ಎಂದರೆ ಬಹಳ ಇಷ್ಟ.

ಹಾವಿನ ವಿಷಯ. ಗದ್ದೆ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ನಾಗರ, ಕೊಳಕುಮಂಡಲ. ಟೆಂಟಿನ ಜಿಪ್ ಸದಾ ಹಾಕಿರಲಿ, ಶೂ ಒಳಗಿರಲಿ, ಟಾರ್ಚ್ ಇಲ್ಲದೆ ಕಾಲು ಹೊರಗಿಡಬೇಡಿ. ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಅಲ್ಲಾಡಿಸದೆ ಪಾಂಡವಪುರದ ಸರ್ಕಾರಿ ಆಸ್ಪತ್ರೆಗೆ ಸೀದಾ ಹೋಗಿ.

ಬೆಂಕಿ ಹಾಕುವ ಆಸೆ ಎಲ್ಲರಿಗೂ ಇರುತ್ತದೆ. ಜನವರಿ ಆದ ಮೇಲೆ ಬೆಟ್ಟದ ಹುಲ್ಲು, ಕಬ್ಬಿನ ತರಗು ಎಲ್ಲ ಒಣಗಿ ಕೂತಿರುತ್ತದೆ. ಒಂದು ಕಿಡಿಗೆ ಒಂದು ಮನೆಯ ವರ್ಷದ ಬೆಳೆ ಹೋಗುತ್ತದೆ. ಚಳಿಗೆ ಕಂಬಳಿ ತನ್ನಿ.

ಕುಡಿಯುವ ನೀರು ತಲಾ ನಾಲ್ಕು ಲೀಟರ್ ಲೆಕ್ಕದಲ್ಲಿ ಇರಲಿ. ಕೆರೆ ನೀರು ಎಷ್ಟೇ ತಿಳಿಯಾಗಿ ಕಂಡರೂ ಹಾಗೇ ಕುಡಿಯಬೇಡಿ. ಬಯಲಿಗೆ ಹೋಗಲೇಬೇಕಾದರೆ ನೀರಿನಿಂದ ಕಡಿಮೆ ಎಂದರೂ 60 ಮೀಟರ್ ದೂರ, ಒಂದು ಗೇಣು ಗುಂಡಿ ತೋಡಿ, ಮುಚ್ಚಿ.

7. ಮರುದಿನ

ಬೆಳಗ್ಗೆ ಟೆಂಟ್ ಮಡಚಿದ ಮೇಲೆ ಸಾಲಾಗಿ ನಿಂತು ಒಂದು ಸುತ್ತು ನೆಲ ನೋಡಿ. ಬಿಸ್ಕೆಟ್ ಕವರು, ಬಾಟಲಿ ಮುಚ್ಚಳ, ಹಗ್ಗದ ತುಂಡು. ಕಸ ಊರಲ್ಲಿ ಬಿಡಬೇಡಿ, ಚೀಲ ಕಟ್ಟಿ ನಿಮ್ಮ ಊರಿಗೇ ತಗೊಂಡು ಹೋಗಿ. ಗಾಜಿನ ಬಾಟಲಿ ತರುವುದೇ ಬೇಡ. ಏರಿ ಕಲ್ಲಿನ ಮೇಲೆ ಒಡೆದ ಗಾಜು ಬರಿಗಾಲಲ್ಲಿ ನಡೆಯುವ ದನಕಾಯುವ ಹುಡುಗನ ಕಾಲಿಗೆ ಹೋಗುತ್ತದೆ.

ಹೊತ್ತು ಉಳಿದರೆ ಎರಡು ಆಯ್ಕೆ. ಪಾಂಡವಪುರದ ಪಕ್ಕದ ಕುಂತಿಬೆಟ್ಟ, ಬಂಡೆ ಹತ್ತುವ ಇಷ್ಟ ಇದ್ದವರಿಗೆ. ಬಿಸಿಲು ಏರುವ ಮೊದಲು ಹತ್ತಿ ಇಳಿಯಬೇಕು. ಇಲ್ಲವಾದರೆ ಮೇಲುಕೋಟೆ: ಚೆಲುವನಾರಾಯಣನ ದರ್ಶನ, ಬೆಟ್ಟದ ಮೇಲಿನ ಯೋಗನರಸಿಂಹ, ಪುಳಿಯೋಗರೆ. ರಾಮಾನುಜರು ತೊಣ್ಣೂರಿಂದ ಹೋಗಿದ್ದೂ ಅಲ್ಲಿಗೇ. ಎರಡನ್ನೂ ಒಂದೇ ದಿನಕ್ಕೆ ತುರುಕಬೇಡಿ, ಈಜಿದ ಮೈಗೆ ದಣಿವು ತಡವಾಗಿ ಗೊತ್ತಾಗುತ್ತದೆ. ಗಾಡಿ ಓಡಿಸುವವರು ಹೊರಡುವ ಮುಂಚೆ ಒಂದು ಗಂಟೆಯಾದರೂ ಮಲಗಿ ಏಳಲಿ.